ನಿನ್ನೆಯ ಮಳೆಗೆ ನಿನ್ನೆಯ ತಾರೀಖು

ವಿ.ಸಿ. ಫಾರಂ, ಮಂಡ್ಯ
18 ಜೂನ್ 2025

ಚಿ. ಅರುಂಧತಿಗೆ,

ನಾನು ಚೆನ್ನಾಗಿಲ್ಲ. ಕಾಗದದ ಮೊದಲ ಸಾಲಿನಲ್ಲಿ ಕ್ಷೇಮ ಅಂತ ಬರೆಯುವುದು ವಾಡಿಕೆ, ಆದರೆ ಸುಳ್ಳು ಬರೆಯುವ ಅಭ್ಯಾಸ ನನಗಿಲ್ಲ.

ಕಳೆದ ಶುಕ್ರವಾರ ಇಲ್ಲಿನ ಕೃಷಿ ಕಾಲೇಜಿನ ಸಭಾಂಗಣದಲ್ಲಿ ನಿನ್ನ ಭಾಷಣ ಇತ್ತಲ್ಲ, ಹಿಂದಿನ ಸಾಲಿನಲ್ಲಿ ನಾನೂ ಇದ್ದೆ. ಮಾತಾಡುವವಳು ನನ್ನ ತಂಗಿಯ ಮಗಳು ಅಂತ ಅಕ್ಕಪಕ್ಕದವರಿಗೆಲ್ಲ ಮೊದಲೇ ಹೇಳಿಟ್ಟಿದ್ದೆ. ಮಳೆ ಜೋರಾದಾಗ ಗುಡ್ಡದ ಮೇಲ್ಮಣ್ಣು ಯಾವಾಗ ಜಾರುತ್ತದೆ ಅಂತ ಮುಂಚೆಯೇ ಹೇಳುವ ವಿದ್ಯೆ ಕಲಿತಿದ್ದೀಯ, ಅದಕ್ಕೆ ನಮ್ಮ ಮಂಟಿದೊಡ್ಡಿಯ ಗುಡ್ಡವನ್ನೇ ಆರಿಸಿಕೊಂಡಿದ್ದೀಯ ಅಂತ ಎದೆ ಉಬ್ಬಿತ್ತು. ನಿನ್ನ ಮಾತು ಒಂದೂ ಕೇಳಿಸಲಿಲ್ಲ, ಕಿವಿಯ ಮೆಷೀನು ಗುಂಯ್ ಅನ್ನುತ್ತಿತ್ತು. ಆದರೆ ಕಣ್ಣು ಚೆನ್ನಾಗಿದೆ. ಪರದೆಯ ಮೇಲೆ ನನ್ನ ಮಳೆ ರಿಜಿಸ್ಟರಿನ ಪುಟ ಬಂತು. ಪಕ್ಕದವನ ಪಕ್ಕೆ ತಿವಿದು "ನಂದು ಕಣ್ಲಾ, ನನ್ನ ಕೈಬರ" ಅಂದೆ. ಅಷ್ಟರಲ್ಲಿ ಅದರ ಕೆಳಗೆ ಕೆಂಪಕ್ಷರ ಮೂಡಿತು: "ಕೈಬರಹದ ದಾಖಲೆ. ದೋಷಗಳಿವೆ. ಸರಿಪಡಿಸಲಾಗಿದೆ."

ಮಂಟಿದೊಡ್ಡಿಯ ಪ್ರಯೋಗ ತಾಕಿನಲ್ಲಿ ಮೂವತ್ತೊಂದು ವರ್ಷ, ದಿನಾ ಬೆಳಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ ಬರೆದವನು ನಾನು. ನನ್ನ ಮದುವೆಯ ದಿನವೂ ಬಾಸಿಂಗ ಕಟ್ಟುವ ಮೊದಲು ಹೋಗಿ ಅಳೆದು ಬಂದಿದ್ದೆ. ನಿನ್ನ ಅತ್ತೆ ಪಟ್ಟಲಮ್ಮ ಅದನ್ನು ಈಗಲೂ ಆಡಿಕೊಳ್ಳುತ್ತಾಳೆ.

ಸರಿಪಡಿಸು ಅಂತ ನಿನಗೆ ಯಾರು ಹೇಳಿದರು?

ಇತಿ,
ದೊಡ್ಡಸಿದ್ದಯ್ಯ

ತಾ.ಕ.: ಮಗ ಸಿದ್ದೇಶನ ಮೊಬೈಲಿಗೆ ಮೆಸೇಜು ಹಾಕಬೇಡ. ಅವನು ಅದನ್ನು ಹೆಂಡತಿಗೆ ಓದಿ ಹೇಳುತ್ತಾನೆ, ಅಲ್ಲಿಂದ ಅದು ಕ್ವಾರ್ಟರ್ಸಿನ ಎಲ್ಲ ಮನೆ ಸುತ್ತಿ ಕೊನೆಗೆ ನನಗೆ ಬರುತ್ತದೆ. ಹೇಳುವುದಿದ್ದರೆ ಕಾಗದ ಬರೆ.

•

ಮಳವಳ್ಳಿ
27 ಜೂನ್ 2025

ಮಾವ,

ಕಾಗದ ಓದಿದ ದಿನವೇ ಬಸ್ಸು ಹತ್ತಿ ನಿಮ್ಮ ಮನೆಗೆ ಬಂದೆ. ನೀವು ನನ್ನನ್ನು ನೋಡಿದ ಕೂಡಲೇ ಕಿವಿಯ ಮೆಷೀನು ತೆಗೆದು ಅಂಗಿ ಜೇಬಿಗೆ ಹಾಕಿಕೊಂಡಿರಿ. ಒಂದು ಗಂಟೆ ನಾನು ಮಾತಾಡಿದೆ, ನೀವು ತೆಂಗಿನ ಗರಿ ಸೀಳುತ್ತಾ ಕೂತಿದ್ದಿರಿ. ಅತ್ತೆಯ ಅವರೆಕಾಳು ಉಪ್ಪಿಟ್ಟು ಇರದಿದ್ದರೆ ನನ್ನ ಬಸ್ ಚಾರ್ಜು ದಂಡ. ಆದ್ದರಿಂದ ಬರೆಯುತ್ತಿದ್ದೇನೆ.

ತಪ್ಪಾಯಿತು. ಪರದೆಯ ಮೇಲೆ ಹಾಗೆ ಹಾಕಬಾರದಿತ್ತು. ಆದರೆ ನಿಮ್ಮ ರಿಜಿಸ್ಟರಿನ ಮೇಲೆ ನನಗೆ ಎಷ್ಟು ಗೌರವ ಅಂತ ನಿಮಗೆ ಗೊತ್ತಿಲ್ಲ. ನನ್ನ ಕೆಲಸ ನಿಂತಿರುವುದೇ ಅದರ ಮೇಲೆ. ಗುಡ್ಡದಲ್ಲಿ ಬಂಡೆಯ ಮೇಲೆ ಇರುವುದು ಮೂರೇ ಅಡಿ ಮಣ್ಣು. ನೀರು ಹೆಚ್ಚಾದ ಮುದ್ದೆ ತಟ್ಟೆ ಓರೆ ಮಾಡಿದರೆ ಜಾರುತ್ತದಲ್ಲ, ಹಾಗೆ ಅದು ಜಾರುತ್ತದೆ. ನಿಮ್ಮ ಕಾಲದಲ್ಲಿ ಮೂರು ಸಲ ಜಾರಿದೆ. ಆ ಮೂರೂ ದಿನಗಳನ್ನು ನಿಮ್ಮ ಮಳೆಯ ಪಕ್ಕ ಇಟ್ಟು ನೋಡಿದೆ. ಮೂರರಲ್ಲೂ ಒಂದೇ ಉತ್ತರ: ದೊಡ್ಡ ಮಳೆ ಬಿದ್ದ ಮಾರನೆಯ ದಿನ ಗುಡ್ಡ ಜಾರುತ್ತದೆ. ಅಂದರೆ ಜನರನ್ನು ಎಬ್ಬಿಸಲು ನಮಗೆ ಪೂರ್ತಿ ಒಂದು ದಿನ ಸಿಗುತ್ತದೆ. ಗುಡ್ಡದ ಬುಡದಲ್ಲಿ ಇಪ್ಪತ್ತೆರಡು ಮನೆಗಳಿವೆ, ಅದರಲ್ಲಿ ಒಂದು ಅಮ್ಮನದು. ಈ ಒಂದು ದಿನ ಸಿಕ್ಕಿದ್ದಕ್ಕೆ ನಾನು ಕುಣಿದಾಡಿದ್ದೇನೆ ಮಾವ.

ತಂಗಿ ಸೌಮ್ಯಳಿಗೆ ಗಂಡು ಗೊತ್ತಾಯಿತು. ಚಿಕ್ಕರಸಿನಕೆರೆಯ ಶಿವರಾಜು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮದುವೆಯಲ್ಲಾದರೂ ಮೆಷೀನು ಕಿವಿಯಲ್ಲಿರಲಿ.

ನಿಮ್ಮ,
ಅರುಂಧತಿ

•

ವಿ.ಸಿ. ಫಾರಂ
9 ಜುಲೈ 2025

ಅರುಂಧತಿ,

ಗಂಡು ಮೇಷ್ಟ್ರು ಅನ್ನುವುದು ಸಂತೋಷ. ಸೌಮ್ಯಳಿಗೆ ನನ್ನ ಆಶೀರ್ವಾದ ಹೇಳು. ನಿನಗೆ ಈಗ ಇಲ್ಲ.

ತಪ್ಪಾಯಿತು ಅಂತ ಬರೆದೆ. ಏನು ತಿದ್ದಿದೆ ಅಂತ ಬರೆಯಲಿಲ್ಲ. ನಾನು ಕೇಳುವುದೂ ಇಲ್ಲ.

ನಿನ್ನೆ ಇಲ್ಲಿ ಮಳೆ 4.2 ಮಿಲಿಮೀಟರ್.

ದೊಡ್ಡಸಿದ್ದಯ್ಯ

•

ಮಂಟಿದೊಡ್ಡಿ, ಮಳವಳ್ಳಿ ತಾಲ್ಲೂಕು
22 ಆಗಸ್ಟ್ 2025

(ಮಾವ, ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ತಿದ್ದಿದರೆ ನನಗೂ ಅಕ್ಕನ ಗತಿಯೇ ಆಗುತ್ತದೆ. – ಸೌಮ್ಯ)

ಅಣ್ಣಾ,

ನಾನು ಮುದ್ದಮ್ಮ. ಎಲ್ಲ ಚಂದಾಗಿದ್ದೀವಿ. ನಗಾಡಿ ನಗಾಡಿ ಒಟ್ಟೆ ನೋವು ಬಂದದೆ, ಅಷ್ಟೆಯ. ಭಾನ್ವಾರ ಮದ್ಯಾನ ಒಳ್ಳೆ ಮಳೆ ಉಯ್ತು. ಸೋಮ್ವಾರ ಬೆಳಗಾನ ನಿನ್ನ ಮುದ್ದು ಸೊಸೆ ಅರುಂಧತಿ ಜೀಪಲ್ಲಿ ಬಂದು ಮೈಕಲ್ಲಿ ಕೂಗುದ್ಲು, "ಇವತ್ತು ಗುಡ್ಡ ಜಾರ್ತದೆ, ಎಲ್ಲಾರೂ ಸ್ಕೂಲಿಗೆ ನಡೀರಿ" ಅಂತ. ನಡುದ್ವು. ಕೋಳಿ, ಕುರಿ, ಒರಳುಗುಂಡು ಸಮೇತ ಓದ್ವು ಕಣಣ್ಣ. ಸಂದೆಗಂಟ ಕೂತಿದ್ವು. ಗುಡ್ಡ ಅಲ್ಲೇ ನಿಂತಿತ್ತು, ಕಲ್ಲು ಕೂಡ ಉಳ್ಳನಿಲ್ಲ.

ಈಗ ಊರೋರೆಲ್ಲ ನನ್ನ ಕಂಡ್ರೆ, "ಮುದ್ದಮ್ಮ, ಇವತ್ತು ಬಟ್ಟೆ ಒಗುದ್ರೆ ಒಣಗ್ತದಾ ನಿನ್ನ ಮಗಳ ಕೇಳು" ಅಂತಾರೆ. ನಾನೂ ನಗ್ತೀನಿ. ಮಗಳು ನಗಕಿಲ್ಲ. ಉಣ್ಣಾಕೆ ಕೂತ್ರೂ ಗುಡ್ಡನೇ ನೋಡ್ತಾಳೆ. ಇನ್ನೊಂದ್ಸಲ ಕೂಗುದ್ರೆ ಯಾರೂ ಏಳಕಿಲ್ಲ, ಅದು ಅವಳಿಗೂ ಗೊತ್ತು.

ನೀನು ಅದೇನು ಮುನಿಸ್ಕಂಡಿದ್ದೀಯೋ, ಬುಡು ಅತ್ತಗೆ. ನೀನು ಆ ಗುಡ್ಡ ನೋಡ್ಕಂಡೇ ಬೆಳದೋನು. ಒಂದು ಮಾತು ಏಳು ಅವಳಿಗೆ.

ಮುದ್ದಮ್ಮ

•

ಮಳವಳ್ಳಿ
2 ಸೆಪ್ಟೆಂಬರ್ 2025

ಮಾವ,

ಅಮ್ಮ ಬರೆಸಿದ್ದನ್ನು ಸೌಮ್ಯ ಹೇಳಿದಳು. ಆದ್ದರಿಂದ ನಿಮಗೆಲ್ಲ ಗೊತ್ತಾಗಿದೆ.

ನಗುವುದು ನನಗೆ ಬೇಸರವಿಲ್ಲ. ಭಯ ಬೇರೆ. ಲೆಕ್ಕದಲ್ಲಿ ಎಲ್ಲೋ ಏನೋ ತಪ್ಪಿದೆ, ಎಲ್ಲಿ ಅಂತ ಸಿಗುತ್ತಿಲ್ಲ. ಹಿಂಗಾರು ಮಳೆ ಎದುರಿಗಿದೆ. ಸೌಮ್ಯಳ ಮದುವೆ ಅಕ್ಟೋಬರ್ 26, ಮಳವಳ್ಳಿಯ ಸಮುದಾಯ ಭವನದಲ್ಲಿ. ಮಾರನೆಯ ದಿನ ಬೀಗರೂಟ ಮನೆಯ ಹಿತ್ತಲಿನಲ್ಲೇ ಆಗಬೇಕು ಅಂತ ಅಮ್ಮನ ಹಟ. ಆ ಹಿತ್ತಲಿನ ಬೇಲಿ ದಾಟಿದರೆ ಗುಡ್ಡ.

ಗುಡ್ಡದ ಬಗ್ಗೆ ನಿಮಗೆ ಗೊತ್ತಿರುವುದು ಏನಿದ್ದರೂ ಬರೆಯಿರಿ. ಬೈಗುಳದ ಜೊತೆಗಾದರೂ ಪರವಾಗಿಲ್ಲ.

ಅರುಂಧತಿ

•

ವಿ.ಸಿ. ಫಾರಂ
10 ಅಕ್ಟೋಬರ್ 2025

ಚಿ. ಸೌಮ್ಯಳಿಗೆ,

ಹನ್ನೆರಡನೇ ತಾರೀಖು ನಿನಗೆ ಇಪ್ಪತ್ತಾರು ತುಂಬುತ್ತದೆ. ಪ್ರತಿ ವರ್ಷದಂತೆ ಈ ಕಾಗದ. ಮುಂದಿನ ವರ್ಷದಿಂದ ಚಿಕ್ಕರಸಿನಕೆರೆಯ ವಿಳಾಸಕ್ಕೆ ಬರೆಯಬೇಕು.

ನೀನು ಹುಟ್ಟಿದ ದಿನದ ಕಥೆ ನಿನಗೆ ಬಾಯಿಪಾಠ, ಆದರೂ ಬರೆಯುತ್ತೇನೆ. ಅದಕ್ಕೆ ಮುಂಚೆ ಮೂರು ದಿನ ಬಿಡದೆ ಜಿಟಿಜಿಟಿ ಹಿಡಿದಿತ್ತು. ಅವತ್ತು ಮಧ್ಯಾಹ್ನ ಮೋಡ ಸರಿದು ಹೊಳವಾಯಿತು. ನಿಮ್ಮಮ್ಮನಿಗೆ ನೋವು ಶುರುವಾಗಿ ಎತ್ತಿನ ಗಾಡಿಯಲ್ಲಿ ಕಿರುಗಾವಲಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಮಳವಳ್ಳಿ ಆಸ್ಪತ್ರೆಗೆ ಹೋದೆವು. ನಾಲ್ಕು ಗಂಟೆಗೆ ಆಕಾಶ ಬಾಯಿಬಿಟ್ಟಿತು. ಆರು ಗಂಟೆಗೆ ನೀನು ಹುಟ್ಟಿದೆ. ಹೊರಗಿನ ಮಳೆಗಿಂತ ನಿನ್ನದೇ ಜೋರು. ಅದೇ ಹೊತ್ತಿಗೆ ಊರಿನಲ್ಲಿ ಗುಡ್ಡ ಜಾರಿ ನಮ್ಮ ಕೊಟ್ಟಿಗೆ ಹೂತುಹೋಯಿತು. ಎತ್ತು ಗಾಡಿಗೆ ಕಟ್ಟಿ ಕಿರುಗಾವಲಿನಲ್ಲಿತ್ತು, ಮನೆಯವರೆಲ್ಲ ನಿನಗಾಗಿ ಆಸ್ಪತ್ರೆಯಲ್ಲಿದ್ದರು. ಒಂದು ಜೀವಕ್ಕೂ ಏನೂ ಆಗಲಿಲ್ಲ. ಹೊಟ್ಟೆಯಿಂದ ಬರುವಾಗಲೇ ಮನೆಮಂದಿಯನ್ನೆಲ್ಲ ಜಾಗ ಖಾಲಿ ಮಾಡಿಸಿದವಳು ನೀನು.

ಮಾರನೆಯ ಬೆಳಗ್ಗೆ ಎಂಟೂವರೆಗೆ ಅಳೆದೆ, 92.4 ಇತ್ತು. ನೀನು ಹುಟ್ಟಿದ ತಾರೀಖಿನ ಮುಂದೆಯೇ ಬರೆದು, ಪಕ್ಕದಲ್ಲಿ ಸಣ್ಣದಾಗಿ "ಸಂಜೆ ಹೆಣ್ಣು ಮಗು" ಅಂತ ಸೇರಿಸಿದೆ.

ನಿನ್ನಕ್ಕನಿಗೆ ಉತ್ತರ ಬರೆದಿಲ್ಲ. ಬರೆಯಲು ಕೂತೆ, ಎರಡು ಸಲ ಹರಿದು ಹಾಕಿದೆ. ಕೋಪ ಹೋಗಿ ತಿಂಗಳಾಯಿತು, ಈಗಿರುವುದು ಬೇರೆ ಏನೋ. ಅವಳಿಗೆ ಹೇಳಬೇಡ.

ನಿನ್ನ ಮಾವ,
ದೊಡ್ಡಸಿದ್ದಯ್ಯ

•

ಮಳವಳ್ಳಿ
17 ಅಕ್ಟೋಬರ್ 2025

ಮಾವ,

ಸೌಮ್ಯ ನಿಮ್ಮ ಕಾಗದವನ್ನು ಮನೆಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿದಳು. ಹೇಳಬೇಡ ಅಂತ ಬರೆದಿದ್ದನ್ನೂ ಸೇರಿಸಿ. ನಾನು ರೊಟ್ಟಿ ತಿನ್ನುತ್ತಿದ್ದೆ, ಕೈ ಅಲ್ಲೇ ನಿಂತುಹೋಯಿತು.

ಮಳೆ ಅಳೆಯುವವರಿಗೆಲ್ಲ ಒಂದು ನಿಯಮ ಇದೆ. ಬೆಳಗ್ಗೆ ಎಂಟೂವರೆಗೆ ಅಳೆದದ್ದನ್ನು ಅಳೆದ ದಿನದ ತಾರೀಖಿಗೆ ಬರೆಯಬೇಕು. ಮಳೆ ಬಿದ್ದಿರುವುದು ಹೆಚ್ಚುಪಾಲು ಹಿಂದಿನ ದಿನ. ಅದಕ್ಕೇ ನಾನು ನಿಮ್ಮ ರಿಜಿಸ್ಟರಿನ ಮಳೆಯನ್ನೆಲ್ಲ ಒಂದೊಂದು ದಿನ ಹಿಂದಕ್ಕೆ ಸರಿಸಿದೆ. ಪರದೆಯ ಮೇಲೆ "ಸರಿಪಡಿಸಲಾಗಿದೆ" ಅಂದದ್ದು ಅದನ್ನೇ. ನನ್ನ ಪಟ್ಟಿಯಲ್ಲಿ 92.4 ಇರುವುದು ಅಕ್ಟೋಬರ್ 11ಕ್ಕೆ. ಸೌಮ್ಯ ಹುಟ್ಟಿದ್ದು 12ಕ್ಕೆ. ಇವತ್ತು ಮೂಲ ಪುಟ ತೆಗೆದು ನೋಡಿದೆ. 12ರ ಸಾಲಿನಲ್ಲಿದೆ, ಪಕ್ಕದಲ್ಲಿ "ಸಂಜೆ ಹೆಣ್ಣು ಮಗು" ಕೂಡ ಇದೆ. ಅದನ್ನು ಯಾರೋ ಗೀಚಿದ್ದು ಅಂತ ಬಿಟ್ಟಿದ್ದೆ, ಮಾವ.

ನೀವು ಮೊದಲೇ ಹಿಂದಕ್ಕೆ ಸರಿಸಿ ಬರೆದಿದ್ದೀರಿ, ಅಲ್ಲವೇ? ಮೂವತ್ತೊಂದು ವರ್ಷವೂ? ಹಾಗಿದ್ದರೆ ನಾನು ತಿದ್ದಿದ್ದೇ ತಪ್ಪು. ಮಳೆ ಬಂದ ಮಾರನೆಯ ದಿನ ಅಲ್ಲ, ಅದೇ ಸಂಜೆ ಗುಡ್ಡ ಜಾರುತ್ತದೆ. ನಾನು ಕುಣಿದಾಡಿದ ಆ ಒಂದು ದಿನ ಇಲ್ಲವೇ ಇಲ್ಲ. ಆಗಸ್ಟಿನಲ್ಲಿ ಒಂದೇ ದಿನದ ಮಳೆಗೆ ಮಣ್ಣು ತುಂಬಿರಲಿಲ್ಲ, ಅದಕ್ಕೇ ಗುಡ್ಡ ಜಾರಲಿಲ್ಲ. ಮೂರ್ನಾಲ್ಕು ದಿನದ ಮಳೆಯಲ್ಲಿ ಮಣ್ಣು ತುಂಬಿಕೊಂಡ ಮೇಲೆ, ಕೊನೆಯ ಮಳೆ ಬರುವುದಕ್ಕೆ ಮೊದಲೇ ಜನರನ್ನು ಎಬ್ಬಿಸಬೇಕು. ಬಿಸಿಲಿದ್ದರೂ ಎಬ್ಬಿಸಬೇಕು.

ಹೌದೋ ಅಲ್ಲವೋ ಒಂದೇ ಪದ ಬರೆದು, ಈ ಕಾಗದ ತಂದ ಸಿದ್ದೇಶನ ಕೈಗೇ ಕೊಡಿ.

ಅರುಂಧತಿ

•

ವಿ.ಸಿ. ಫಾರಂ
18 ಅಕ್ಟೋಬರ್ 2025

ಅರುಂಧತಿ,

ಹೌದು.

ಒಂದೇ ಪದ ಸಾಕು ಅಂದೆ, ಆದರೆ ಸಿದ್ದೇಶ ಕಾಫಿ ಕುಡಿಯುತ್ತಿದ್ದಾನೆ, ಅಷ್ಟರಲ್ಲಿ ಬರೆದುಬಿಡುತ್ತೇನೆ. ಅಳೆದ ದಿನದ ತಾರೀಖು ಹಾಕು ಅಂತ ಸಾಹೇಬರು ನನಗೂ ಹೇಳಿಕೊಟ್ಟಿದ್ದರು. ಒಂದು ತಿಂಗಳು ಹಾಗೇ ಬರೆದೆ. ಒಂದು ದಿನ ಪಕ್ಕದ ಹೊಲದ ಕೆಂಪಸಿದ್ದಯ್ಯ ಬಂದು, "ಸೋಮ್ವಾರ ಎಷ್ಟು ಮಳೆ ಆಯ್ತಣ್ಣ?" ಅಂತ ಕೇಳಿದ. ಪುಸ್ತಕ ನೋಡಿದರೆ ಸೋಮವಾರ ಸೊನ್ನೆ, ಮಂಗಳವಾರ ನಲವತ್ತು. ಸೋಮವಾರ ಅವನೂ ನಾನೂ ಒಂದೇ ಗೋಣಿಚೀಲ ಹೊದ್ದು ನೆಂದಿದ್ದೆವು. ಪುಸ್ತಕದಲ್ಲಿರುವುದು ಸುಳ್ಳು ಅನ್ನಿಸಿತು. ಅವತ್ತಿನಿಂದ ನಿನ್ನೆಯ ಮಳೆಯನ್ನು ನಿನ್ನೆಯ ತಾರೀಖಿಗೇ ಬರೆದೆ. ಸಾಹೇಬರಿಗೆ ಹೇಳಲಿಲ್ಲ. ನಿನ್ನನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಟ್ಟಿದ ದಿನ ಜೂನ್ ಒಂದು ಅಂತ ಬರೆದುಕೊಂಡರಲ್ಲ, ನೀನು ಹುಟ್ಟಿದ್ದು ಮಾರ್ಚಿನಲ್ಲಿ. ಮಳೆಗೂ ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ.

ಆಗಸ್ಟಿನಲ್ಲಿ ಮುದ್ದಮ್ಮನ ಕಾಗದ ಓದಿದಾಗಲೇ ನನಗೆ ಅನುಮಾನ ಬಂದಿತ್ತು. ಆದರೆ ಒಪ್ಪಿಕೊಂಡರೆ ಮೂವತ್ತೊಂದು ವರ್ಷ ನಿಯಮ ಮುರಿದವನು ಅಂತಾಗುತ್ತದೆ. ಮುದುಕನಿಗೆ ಭಯವಾಯಿತು, ಅದಕ್ಕೇ ಕೋಪದ ಹಿಂದೆ ಕೂತುಕೊಂಡೆ. ಊರಿನವರ ನಗೆಪಾಟಲಿಗೆ ನಿನ್ನನ್ನು ಈಡುಮಾಡಿದ್ದು ನಾನೇ.

ಮದುವೆಗೆ ಮೂರು ದಿನ ಮುಂಚೆಯೇ ಬರುತ್ತೇನೆ. ಊರಿನಲ್ಲಿ ನೀನು ಇಟ್ಟಿರುವ ಮಳೆ ಅಳೆಯುವ ಮೆಷೀನಿನ ಪಕ್ಕ ನನ್ನ ಹಳೆಯ ಮಳೆಮಾಪಕವೂ ಇದೆಯಲ್ಲ, ಗಾಜಿನ ಅಳತೆ ತರುತ್ತೇನೆ. ಪಟ್ಟಲಮ್ಮ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದಾಳೆ, ಬರಲಾರಳು. ಅದಕ್ಕೆ ಅಳುತ್ತಿದ್ದಾಳೆ.

ಆಶೀರ್ವಾದಗಳೊಂದಿಗೆ, ನಿನಗೂ ಸೇರಿಸಿ,
ದೊಡ್ಡಸಿದ್ದಯ್ಯ

•

ಚಿಕ್ಕರಸಿನಕೆರೆ, ಮದ್ದೂರು ತಾಲ್ಲೂಕು
2 ನವೆಂಬರ್ 2025

ಪಟ್ಟಲಮ್ಮ ಅತ್ತೆ,

ಗಂಡನ ಮನೆಯಿಂದ ನಾನು ಬರೆಯುವ ಮೊದಲ ಕಾಗದ ನಿಮಗೇ. ಮಾವ ನಿಮಗೆ ಎಲ್ಲ ಹೇಳಿರುತ್ತಾರೆ, ಆದರೆ ತಾವು ಮಾಡಿದ್ದನ್ನು ಮಾತ್ರ ಹೇಳಿರುವುದಿಲ್ಲ.

ಗುರುವಾರದಿಂದಲೇ ಮಳೆ ಹಿಡಿದುಕೊಂಡಿತ್ತು. ಭಾನುವಾರ ಭವನದಲ್ಲಿ ಬುದ್ಧನ ಮುಂದೆ ದೀಪ ಹಚ್ಚಿ ಮದುವೆ ಚೆನ್ನಾಗಿ ಆಯಿತು, ನೆಂಟರ ಪಾದಗಳೆಲ್ಲ ಕೆಸರು ಅಷ್ಟೆ. ಸೋಮವಾರ ಬೆಳಗ್ಗೆ ನೋಡಿದರೆ ಎಂಥ ಬಿಸಿಲು! ಹಿತ್ತಲಿನಲ್ಲಿ ಚಪ್ಪರ, ಗುಡ್ಡದ ಬುಡಕ್ಕೆ ಒಲೆ, ಬಾಡೂಟದ ಸಾರು ಕುದಿಯುತ್ತಿತ್ತು. ಮಾವ ಎಂಟೂವರೆಗೆ ಅಳೆದು ಬಂದು ಅಕ್ಕನಿಗೆ ಬೆರಳಿನಲ್ಲಿ ಲೆಕ್ಕ ತೋರಿಸಿದರು. ನಾಲ್ಕು ದಿನಕ್ಕೆ ನೂರಹದಿನೆಂಟು. ಅಕ್ಕನ ಮುಖ ಬಿಳಿಚಿತು. ಮೈಕು ಹಿಡಿದು ಕೂಗಿದಳು. ಊರಿಗೆ ಊರೇ ನಕ್ಕಿತು. "ಒಗದ ಬಟ್ಟೆ ಒಣಗ್ತಾ ಅದೆ ಕಣವ್ವ, ಮಳೆ ಎಲ್ಲದೆ?" ಅಂದರು. ಅಮ್ಮ ಕೂಡ, "ಬೀಗರ ಮುಂದೆ ಮರ್ವಾದೆ ಕಳೀಬ್ಯಾಡ ಕಣೆ" ಅಂತ ಕೈಮುಗಿದಳು. ಅಕ್ಕ ಚಪ್ಪರದ ಕಂಬ ಹಿಡಿದು ನಿಂತುಬಿಟ್ಟಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಅವತ್ತೇ ಮೊದಲು.

ಆಗ ಮಾವ ಜನರ ಕಡೆ ತಿರುಗಿಯೂ ನೋಡದೆ, ಸೀದಾ ಬಾಣಸಿಗ ಚಿಕ್ಕಮಾದುವಿನ ಹತ್ತಿರ ಹೋದರು.

"ಹಂಡೆ ಎತ್ಲಾ."

"ಸಾರು ಕುದೀತಾ ಅದೆ ಕಣಣ್ಣ!"

"ಸ್ಕೂಲತ್ರ ಕುದೀಲಿ. ಎತ್ಲಾ."

ಚಿಕ್ಕಮಾದು ಸೌಟು ಎತ್ತಿ ವಾದ ಶುರುಮಾಡಿದ. ಬೀಗರ ಕಡೆಯ ಹಿರಿಯರು ಬಂದರು, ಅಮ್ಮ ಬಂದಳು, ಎಲ್ಲರೂ ಒಟ್ಟಿಗೆ ಕೂಗಿದರು. ಮಾವ ಮೆಲ್ಲಗೆ ಕಿವಿಯ ಮೆಷೀನು ತೆಗೆದು ಜೇಬಿಗೆ ಹಾಕಿಕೊಂಡರು! ಇನ್ನು ಯಾರ ಮಾತು ಎಲ್ಲಿ ಮುಟ್ಟುತ್ತದೆ? ಹಂಡೆಯ ಬಳೆಗೆ ಬೊಂಬು ತೂರಿಸಿ ಒಂದು ತುದಿಗೆ ತಾವೇ ಹೆಗಲು ಕೊಟ್ಟರು. ಇನ್ನೊಂದು ತುದಿಗೆ ಸಿದ್ದೇಶ ಓಡಿಬಂದ. ಅರವತ್ತೇಳು ವರ್ಷದ ಮುದುಕ ಹೆಗಲು ಕೊಟ್ಟದ್ದು ನೋಡಿ ನಮ್ಮವರು, ಶಿವರಾಜು ಕೂಡ, ರೇಷ್ಮೆ ಪಂಚೆ ಎತ್ತಿಕಟ್ಟಿ ಬಂದರು. ಹಂಡೆಗಳು ಟ್ರ್ಯಾಕ್ಟರ್ ಏರಿದವು. ಮುಂದೆ ಬಾಡಿನ ವಾಸನೆ, ಹಿಂದೆ ಬೀಗರು, ಅವರ ಹಿಂದೆ ಬೈಯುತ್ತಾ ಇಡೀ ಮಂಟಿದೊಡ್ಡಿ. ಹನ್ನೆರಡಕ್ಕೆ ಗುಡ್ಡದ ಕೆಳಗೆ ಒಂದು ಕುರಿಯೂ ಇರಲಿಲ್ಲ. ಅಕ್ಕ ಮನೆಮನೆ ನುಗ್ಗಿ ನೋಡಿ ಬಂದಳು.

ಶಾಲೆಯ ಜಗಲಿಯಲ್ಲಿ ಎರಡು ಪಂಕ್ತಿ ಊಟ ಮುಗಿಯಿತು. ಮೂರು ಗಂಟೆಗೂ ಬಿಸಿಲು. ಅಕ್ಕ ಎಲೆಯ ಮುಂದೆ ಕೂತಿದ್ದಳು, ಒಂದು ತುತ್ತೂ ಇಳಿಯಲಿಲ್ಲ. ನಾಲ್ಕಕ್ಕೆ ಪಡುವಣ ಕಪ್ಪಾಯಿತು. ಆಮೇಲೆ ಬಂದ ಮಳೆಗೆ ಎದುರಿಗಿದ್ದವರ ಮುಖ ಕಾಣಲಿಲ್ಲ. ಐದು ದಾಟಿ ಹತ್ತು ನಿಮಿಷಕ್ಕೆ ಜಲ್ಲಿ ಲಾರಿ ಸುರಿದಂಥ ಸದ್ದು. ಗುಡ್ಡದ ಹೊಟ್ಟೆಯ ಹಸಿರು ಹಾಗೇ ಕೆಳಗೆ ಬಂತು. ಒಲೆ, ಚಪ್ಪರ, ನಮ್ಮ ಮನೆಯ ಹಿಂದಿನ ಗೋಡೆ, ಪಕ್ಕದ ಎರಡು ಮನೆಯ ಹಿಂಭಾಗ, ಎಲ್ಲ ಮಣ್ಣಿನಡಿ ಹೋದವು.

ಜಗಲಿಯಲ್ಲಿ ಮಕ್ಕಳೆಲ್ಲ ತಾಯಂದಿರ ಸೆರಗು ಹಿಡಿದುಕೊಂಡರು. ಆಮೇಲೆ ಅಮ್ಮ ಎದ್ದು ಒಬ್ಬೊಬ್ಬರದೇ ತಲೆ ಮುಟ್ಟಿ ಎಣಿಸಿದಳು. ಎಣಿಸಿ ಮುಗಿಸಿ ಅಕ್ಕನನ್ನು ತಬ್ಬಿಕೊಂಡು, "ಎಲ್ಲಾರೂ ಅವ್ರೆ ಕಣೆ, ಎಲ್ಲಾರೂ ಅವ್ರೆ!" ಅಂತ ಅಳುತ್ತಾ ನಗುತ್ತಾ ಕುಣಿದಳು. ಮಾವ ಆಗ ಮೆಷೀನು ತೆಗೆದು ಕಿವಿಗೆ ಸಿಕ್ಕಿಸಿಕೊಂಡು, "ಏನೋ ಅಂತಿದ್ರಲ್ಲ, ಈಗ ಹೇಳಿ" ಅಂದರು. ಚಿಕ್ಕಮಾದು ಬಂದು ಅವರ ಕಾಲಿಗೆ ಬಿದ್ದ. ಆಮೇಲೆ ಅಕ್ಕ ಊಟ ಮಾಡಿದಳು ನೋಡಿ ಅತ್ತೆ, ಮೂರು ಮುದ್ದೆ!

ನಿಮ್ಮ ಕಾಲು ಸರಿಯಾದ ಕೂಡಲೇ ಇಲ್ಲಿಗೆ ಬನ್ನಿ. ನಿಮ್ಮ ಪಾಲಿನ ಬೀಗರೂಟ ಬಾಕಿ ಇದೆ.

ನಿಮ್ಮ,
ಸೌಮ್ಯ

•

ಮಳವಳ್ಳಿ
24 ನವೆಂಬರ್ 2025

ಮಾವ,

ಅಮ್ಮನ ಒರಳುಗುಂಡು ಮಣ್ಣಿನಡಿ ಸಿಕ್ಕಿತು, ಒಂದು ಬಿರುಕೂ ಇಲ್ಲ. ಮನೆಗಳಿಗೆ ಗುಡ್ಡದಿಂದ ದೂರ ಬೇರೆ ಜಾಗ ಗುರುತಿಸಿದ್ದಾರೆ. ಅಲ್ಲಿಗೆ ಹೋಗುವ ತನಕ ಮಳೆಮಾಪಕ ನೋಡುವ ಕೆಲಸ ಅಮ್ಮ ವಹಿಸಿಕೊಂಡಿದ್ದಾಳೆ. ನಾಲ್ಕು ಹನಿ ಬಿದ್ದರೆ ಸಾಕು, "ಮಣ್ಣು ಕುಡೀತಾ ಅದೆ ಕಣ್ರಮ್ಮಿ" ಅಂತ ಬೀದಿಯಲ್ಲಿ ಸಾರಿಕೊಂಡು ಬರುತ್ತಾಳೆ. ಈಗ ಯಾರೂ ನಗುವುದಿಲ್ಲ.

ಅಕ್ಟೋಬರ್ 28ರ ಬೆಳಗ್ಗೆ ನೀವು ಅಳೆದಾಗ ನಾನು ಪಕ್ಕದಲ್ಲೇ ಇದ್ದೆ. 83.6. ಪೆನ್ನು ಹಿಡಿದು ಒಂದು ಗಳಿಗೆ ನನ್ನ ಮುಖ ನೋಡಿದಿರಿ, ಆಮೇಲೆ 27ಕ್ಕೆ ಬರೆದಿರಿ. ನಾನೂ ನನ್ನ ಪಟ್ಟಿಯಲ್ಲಿ 27ಕ್ಕೇ ಬರೆದುಕೊಂಡೆ.

ಕಳೆದ ವಾರ ಮೈಸೂರಿನಲ್ಲಿ ದೊಡ್ಡ ಸಭೆ ಇತ್ತು. ನಿಮ್ಮ ಪುಟವನ್ನು ಮತ್ತೆ ಪರದೆಗೆ ಹಾಕಿದೆ, ಸೌಮ್ಯ ಹುಟ್ಟಿದ ಪುಟವನ್ನೇ. ನಿಯಮದ ಪ್ರಕಾರ ಇಲ್ಲ, ನಿಜದ ಪ್ರಕಾರ ಇದೆ ಅಂತ ಎಲ್ಲರಿಗೂ ವಿವರಿಸಿದೆ. ನಿಮಗೆ ಕೇಳಿಸದಿದ್ದರೂ ಕಾಣಲಿ ಅಂತ ಅದರ ಫೋಟೋ ಪ್ರಿಂಟು ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಕೆಳಗಿನ ಅಕ್ಷರ ಓದಿಕೊಳ್ಳಿ:

"ಮಂಟಿದೊಡ್ಡಿ ಮಳೆ ದಾಖಲೆ. ಅಳೆದು ಬರೆದವರು: ದೊಡ್ಡಸಿದ್ದಯ್ಯ. ತಿದ್ದಿಲ್ಲ."

ನಿಮ್ಮ,
ಅರುಂಧತಿ

•

ವಿ.ಸಿ. ಫಾರಂ
1 ಡಿಸೆಂಬರ್ 2025

ಅರುಂಧತಿ,

ನಾನು ಚೆನ್ನಾಗಿದ್ದೇನೆ.

ಫೋಟೋ ಬಂತು. ಪಟ್ಟಲಮ್ಮ ಕುಂಟುತ್ತಾ ಹೋಗಿ ಅದಕ್ಕೆ ಕಟ್ಟು ಹಾಕಿಸಿ ತಂದು ಹಜಾರದಲ್ಲಿ ನೇತುಹಾಕಿದ್ದಾಳೆ. ಬಂದವರೆಲ್ಲ ಏನದು ಅಂತ ಕೇಳುತ್ತಾರೆ, ತೆಗೆದುಬಿಡು ಅಂತ ಒಂದು ಸಲ ಹೇಳಿದೆ. ಅವಳು ತೆಗೆಯಲಿಲ್ಲ. ನಾನೂ ಎರಡನೇ ಸಲ ಹೇಳಲಿಲ್ಲ. ಕ್ವಾರ್ಟರ್ಸಿನವರು ಇನ್ನೂ ಯಾರಾದರೂ ನೋಡದೆ ಉಳಿದಿದ್ದರೆ, ಸಿದ್ದೇಶನ ಮೊಬೈಲಿಗೂ ಒಂದು ಕಳಿಸು.

ನಿನ್ನೆ ಇಲ್ಲಿ ಮಳೆ ಸೊನ್ನೆ. ನಿನ್ನೆಯ ತಾರೀಖಿಗೇ ಬರೆದುಕೋ.

ನಿನ್ನ ಮಾವ,
ದೊಡ್ಡಸಿದ್ದಯ್ಯ